60 ಸಾವಿರದ ಡ್ರೈವರ್, 26ರ ಹ್ಯಾಂಡಿಕ್ಯಾಪ್

ಬೆಂಗಳೂರಿನ ಮಹದೇವಪುರದ ಟೆಕ್ ಪಾರ್ಕುಗಳಲ್ಲಿ ನಲವತ್ತು ದಾಟಿ, ಕಾರ್ಡಿನ ಮೇಲೆ ಡೈರೆಕ್ಟರ್ ಅಂತ ಬಂದವರಿಗೆ ಎರಡು ಅಂಟಿಕೊಳ್ಳುತ್ತವೆ: ಬೆನ್ನುನೋವು ಮತ್ತು ಗಾಲ್ಫ್. ಮೊದಲನೆಯದನ್ನು ಕಂಪನಿಯ ವಿಮೆ ನೋಡಿಕೊಳ್ಳುತ್ತದೆ. ಎರಡನೆಯದರ ಬಿಲ್ಲು ಪೂರ್ತಿ ನಮ್ಮ ತಲೆಗೇ.

ಆ ಬಿಲ್ಲಿನಲ್ಲಿ ಎದ್ದು ಕಾಣುವ ಬಾಬು ಡ್ರೈವರ್. ಟೀ ಮೇಲಿಂದ ಮೊದಲ ಹೊಡೆತಕ್ಕೆ ಎತ್ತಿಕೊಳ್ಳುವ, ಬ್ಯಾಗಿನಲ್ಲೇ ಅತಿ ಉದ್ದದ, ಅತಿ ದಪ್ಪ ತಲೆಯ ಕ್ಲಬ್ಬು. ಹೆಸರಾಂತ ಕಂಪನಿಯ ಈ ಸಾಲಿನ ಮಾಡೆಲ್ಲೇ ಬೇಕೆಂದರೆ 50ರಿಂದ 60 ಸಾವಿರ ರೂಪಾಯಿ ಎಣಿಸಬೇಕು. ನನ್ನ ಹ್ಯಾಂಡಿಕ್ಯಾಪ್ 26. ಅಂದರೆ 72 ಹೊಡೆತಗಳಲ್ಲಿ ಮುಗಿಯಬೇಕಾದ ಕೋರ್ಸನ್ನು ನಾನು ಮುಗಿಸುವಷ್ಟರಲ್ಲಿ ನೂರರ ಆಸುಪಾಸು ಆಗಿರುತ್ತದೆ. ನನ್ನಂಥವರು ಅಷ್ಟು ಹಣ ಸುರಿಯಬೇಕೇ? ಬೇಡವೇ ಬೇಡ ಅನ್ನುತ್ತೇನೆ. ಇದು ಜಿಪುಣತನದ ಮಾತಲ್ಲ, ಆಟದ ನಿಯಮಪುಸ್ತಕವೇ ಹಾಗೆ ಹೇಳಿಸುತ್ತದೆ.

ನಮ್ಮ ಹೊಡೆತ ಡ್ರೈವರಿನ ಮುಖದ ನಡುವಿಗೆ ತಾಗುವುದು ಅಪರೂಪ. ಅಂಚಿಗೆ ತಾಗಿದಾಗ ತಲೆ ಕೈಯಲ್ಲೇ ತಿರುಚಿಕೊಳ್ಳುತ್ತದೆ, ಚೆಂಡು ವೇಗ ಕಳೆದುಕೊಂಡು ದಿಕ್ಕು ತಪ್ಪುತ್ತದೆ. ತೂಕವನ್ನು ತಲೆಯ ಹಿಂದಕ್ಕೂ ಅಂಚುಗಳಿಗೂ ಹಂಚಿದರೆ ಈ ತಿರುಚು ಕಡಿಮೆ. ಆ ಗುಣವನ್ನು ಅಳೆಯುವ ಅಂಕಿಗೆ ಎಂಒಐ ಎನ್ನುತ್ತಾರೆ. ಹೊಡೆದವನ ತಪ್ಪನ್ನು ಎಷ್ಟು ಹೊಟ್ಟೆಗೆ ಹಾಕಿಕೊಳ್ಳುತ್ತದೆ ಎಂಬುದರ ಅಳತೆ ಅದೇ. ಆದರೆ ಆಟದ ನಿಯಮ ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು ಇದಕ್ಕೆಲ್ಲ ಎಂದೋ ಬೇಲಿ ಹಾಕಿವೆ. ತಲೆಯ ಗಾತ್ರ 2004ರಿಂದ 460 ಸಿಸಿ ಮೀರುವಂತಿಲ್ಲ. ಅಡ್ಡಡ್ಡ ತಿರುಚನ್ನು ತಡೆಯುವ ಎಂಒಐಗೆ 5,900ರ ಮಿತಿ, ಅದರ ಮೇಲೆ ಅಳತೆಯ ಏರುಪೇರಿಗೆಂದು 100ರ ಸಡಿಲಿಕೆ. ಮುಖದ ಚಿಮ್ಮುವ ಗುಣಕ್ಕೂ ಮಿತಿಯಿದೆ.

ಈಗ ಈ ಬೇಲಿಯೊಳಗೆ ಹೆಚ್ಚು ಹಣಕ್ಕೆ ಎಷ್ಟು ಹೆಚ್ಚು ಸಿಗುತ್ತದೆ ಎಂಬ ಲೆಕ್ಕಕ್ಕೆ ಬನ್ನಿ. ಪಿಂಗ್ ಕಂಪನಿಯ ಜಿ400 ಮ್ಯಾಕ್ಸ್ 2018ರಲ್ಲಿ ಬಂದಾಗ, ಅಡ್ಡ ಮತ್ತು ಉದ್ದ ಎರಡೂ ದಿಕ್ಕಿನ ಎಂಒಐ ಕೂಡಿಸಿದರೆ 9,900ಕ್ಕಿಂತ ಹೆಚ್ಚು ಎಂದು ಕಂಪನಿಯೇ ಹೇಳಿಕೊಂಡಿತ್ತು. ಅದೇ ಕಂಪನಿ 2024ರಲ್ಲಿ ಜಿ430 ಮ್ಯಾಕ್ಸ್ 10ಕೆ ತಂದು, 10,000 ದಾಟಿದೆವು ಎಂದು ಡಂಗುರ ಹೊಡೆಯಿತು. ಆರು ವರ್ಷಕ್ಕೆ ಹೆಚ್ಚಿದ್ದು ಹೆಚ್ಚೂಕಡಿಮೆ ನೂರಕ್ಕೆ ಒಂದು ಪಾಲು. ಎಫ್‌ಡಿಯಲ್ಲಿ ಇಂಥ ಗಳಿಕೆ ಕಂಡರೆ ನಾವು ಬ್ಯಾಂಕನ್ನೇ ಬದಲಿಸುತ್ತೇವೆ. ಜಾಹೀರಾತುಗಳು ಪ್ರತಿ ವರ್ಷವೂ ಇನ್ನಷ್ಟು ಗಜ ದೂರದ ಆಸೆ ಹುಟ್ಟಿಸುತ್ತವೆ. ಅವೆಲ್ಲ ನಿಜವಾಗಿದ್ದರೆ ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನಲ್ಲಿ ನಾನು ಹೊಡೆದ ಚೆಂಡು ಇಷ್ಟು ಹೊತ್ತಿಗೆ ಮಾರತಹಳ್ಳಿ ಸೇತುವೆ ದಾಟಬೇಕಿತ್ತು.

ಹಾಗಾಗಿ ನಾನು ಕೊಂಡಿದ್ದು ಎರಡು ತಲೆಮಾರು ಹಿಂದಿನ, ಬೇರೆಯವರು ಬಳಸಿ ಬಿಟ್ಟ 'ಮ್ಯಾಕ್ಸ್' ಮಾದರಿ, 18 ಸಾವಿರಕ್ಕೆ. ಹೆಸರಿನ ಕೊನೆಯಲ್ಲಿ ಎಲ್‌ಎಸ್ ಅಥವಾ ಎಲ್‌ಎಸ್‌ಟಿ ಎಂದಿದ್ದರೆ ಮುಟ್ಟಬೇಡಿ. ಅವು ಚೆಂಡಿನ ಸುತ್ತು ಕಡಿಮೆ ಮಾಡುವಂಥವು, ರಟ್ಟೆಯಲ್ಲಿ ವೇಗವಿದ್ದವರಿಗೆ. ಪದೇ ಪದೇ ಬಲಕ್ಕೆ ಸ್ಲೈಸ್ ಆಗುತ್ತಿದ್ದರೆ ಹಿಮ್ಮಡಿಯ ಕಡೆ ತೂಕವಿಟ್ಟ ಡ್ರಾ ಮಾದರಿ ನೋಡಬಹುದು.

ಮುಖದ ಓರೆ, ಅಂದರೆ ಲಾಫ್ಟ್ ವಿಷಯದಲ್ಲಿ ನಮ್ಮ ಗಂಡಸರ ಜಂಬ ಅಡ್ಡ ಬರುತ್ತದೆ. ಟಿವಿಯಲ್ಲಿ ಕಂಡ ಆಟಗಾರನದು 9 ಡಿಗ್ರಿ ಎಂದು ತಾವೂ 9 ಕೇಳುತ್ತಾರೆ. ನಿಧಾನದ ಸ್ವಿಂಗಿಗೆ 10.5, ಇನ್ನೂ ನಿಧಾನವಾದರೆ 12 ಡಿಗ್ರಿ. ಲಾಫ್ಟ್ ಹೆಚ್ಚಿದಷ್ಟೂ ಚೆಂಡು ಸುಲಭವಾಗಿ ಮೇಲೇಳುತ್ತದೆ, ಅಡ್ಡಕ್ಕೆ ಬಾಗುವುದೂ ತಗ್ಗುತ್ತದೆ. ಶಾಫ್ಟ್ ಕೂಡ ಹಾಗೆಯೇ: ಸ್ಟಿಫ್ ಎಂಬ ಪದ ಕೇಳಲು ಗಡಸಾಗಿದೆ, ನಮ್ಮ ಮೈಗೆ ರೆಗ್ಯುಲರ್ ಅಥವಾ ಸೀನಿಯರ್ ಫ್ಲೆಕ್ಸೇ ಸರಿ. ಗ್ರಿಪ್ಪನ್ನು ಒಂದಂಗುಲ ಕೆಳಗೆ ಹಿಡಿದರೆ ಚೆಂಡು ನಡುವಿಗೆ ತಾಗುವ ಸಾಧ್ಯತೆ ಇನ್ನೂ ಹೆಚ್ಚು. ಅದಕ್ಕೆ ಒಂದು ಪೈಸೆಯೂ ಬೇಡ.

ಹೊಸದನ್ನೇ ಕೊಳ್ಳಿಸಲು ಅಂಗಡಿಯವರ ಬಳಿ ಇರುವ ಅಸ್ತ್ರ 'ನೋ ಕಾಸ್ಟ್ ಇಎಂಐ'. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿ ಎಂದು ತೋರಿಸಿರುತ್ತಾರೆ. ಕಾರ್ಡಿನ ಬಿಲ್ಲಿನಲ್ಲಿ ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ಬರುತ್ತದೆ, ಬಹಳ ಕಡೆ ಪ್ರೊಸೆಸಿಂಗ್ ಫೀ ಕೂಡ. ಇಡೀ ಹಣ ಒಟ್ಟಿಗೆ ಕೊಟ್ಟರೆ ಎಷ್ಟಕ್ಕೆ ಬಿಡ್ತೀರಿ ಎಂದು ಮೊದಲು ಕೇಳಿ.

ಅಮೆರಿಕದಿಂದ ಬರುವ ಭಾವನ ಕೈಲಿ ತರಿಸುವ ಉಪಾಯ ನಮ್ಮ ಮನೆಗಳಲ್ಲಿ ಹಳೆಯದು. ಕಸ್ಟಮ್ಸ್ ವಿನಾಯಿತಿ ಮಿತಿಯನ್ನು ಅವರು ಬೇರೆ ಸಾಮಾನಿಗೂ ಹಂಚಬೇಕೆಂಬುದು ನೆನಪಿರಲಿ. ಶಾಫ್ಟ್ ಮುರಿದರೆ ವಾರಂಟಿಗೆ ಇಲ್ಲಿನ ಡೀಲರು ಸ್ಪಂದಿಸುತ್ತಾನೆಯೇ ಎಂಬುದನ್ನೂ ಮೊದಲೇ ಕೇಳಿಡಿ. ಹಳೆಯದನ್ನು ಕೊಳ್ಳುವಾಗ ತಲೆ ಅಲ್ಲಾಡಿಸಿ ನೋಡಿ, ಒಳಗೆ ಗಲಗಲ ಅಂದರೆ ಬಿಟ್ಟುಬಿಡಿ. ಮುಖದಲ್ಲಿ ಕೂದಲೆಳೆಯಷ್ಟು ಬಿರುಕೂ ಇರಬಾರದು. ನಕಲಿ ಮಾಲು ಧಾರಾಳವಾಗಿ ಓಡಾಡುತ್ತದೆ, ಕತ್ತಿನ ಮೇಲಿನ ಸೀರಿಯಲ್ ನಂಬರನ್ನು ಕಂಪನಿಗೇ ಕಳಿಸಿ ಖಾತ್ರಿ ಮಾಡಿಕೊಳ್ಳಿ.

ಹಳೆಯದನ್ನು ಕೊಂಡು ಉಳಿದ ಹಣದಲ್ಲಿ ದೊಡ್ಡ ಪಾಲು ನಾನು ಕೋಚಿಗೆ ಕೊಟ್ಟೆ, ಅದೂ ಹೆಚ್ಚಾಗಿ ಪಟ್ಟಿಂಗ್ ಕಲಿಯಲು. ಇದಕ್ಕೆ ಪ್ರೇರಣೆ ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡ್ರೈವರ್ ದೂರದಲ್ಲಿ ಅವರು ಕೊನೆಯ ಸಾಲಿನವರು. ಆದರೂ ಪಟ್ಟಿಂಗ್ ಬಲದಲ್ಲಿ ನಾಲ್ಕನೆಯವರಾದರು, ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ದೂರವೇ ಎಲ್ಲ ಅಲ್ಲ ಎಂಬುದೇ ನನ್ನ ಕ್ಯಾಡಿಯ ನಿಲುವೂ. ಇಕ್ಕಟ್ಟಾದ ಫೇರ್‌ವೇ ಎದುರಾದರೆ, "ಸಾರ್, ಡ್ರೈವರ್ ಬ್ಯಾಗಲ್ಲೇ ಇರ್ಲಿ, ಐರನ್ ತಗೊಳ್ಳಿ" ಅನ್ನುತ್ತಾನೆ. ಔಟ್ ಆಫ್ ಬೌಂಡ್ಸ್‌ಗೆ ಹೋದರೆ ದಂಡದ ಹೊಡೆತ ಬಿತ್ತು, ದೂರವೂ ಹೋಯಿತು, ಚೆಂಡೂ ಹೋಯಿತು.

ದೊಡ್ಡ ಕಂಪನಿಗಳ ಹೊಸ ಮಾಡೆಲ್‌ಗಳು ಹೆಚ್ಚಾಗಿ ಜನವರಿಯಲ್ಲಿ ಬಿಡುಗಡೆಯಾಗುತ್ತವೆ. ಹಿಂದಿನದರ ಬೆಲೆ ಇಳಿಯುವುದು ಆಗಲೇ, ಹಳೆಯವು ಮಾರಾಟಕ್ಕೆ ಬರುವುದೂ ಆಗಲೇ. ವರ್ಷಕ್ಕೊಂದು ಡ್ರೈವರ್ ಬದಲಿಸುವ ಒಬ್ಬರು ನಮ್ಮ ಆಫೀಸಿನ ಮಹಡಿಯಲ್ಲೇ ಇದ್ದಾರೆ, ಅವರ ಕಾಫಿಯ ದುಡ್ಡನ್ನು ನಾನೇ ಕೊಡುತ್ತಿರುತ್ತೇನೆ.