ಪಾಚಿಯನ್ನು ಕಾಯುವ ಲೋಹಗಳು

ಕೆರೆಯ ನೀರನ್ನು ಹಸುರಾಗಿಸುವ ಪಾಚಿಯು ಬಿಸಿಲಿನ ಬಲದಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆಗ ಆಮ್ಲಜನಕವನ್ನು ಹೊರಬಿಡುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ನಮ್ಮ ಉಸಿರಿಗೆ ಆಧಾರವಾದ ಈ ಅನಿಲವೇ ಅದನ್ನು ಉತ್ಪಾದಿಸುವ ಜೀವಕೋಶಕ್ಕೆ ಅಪಾಯವನ್ನೂ ತರಬಲ್ಲುದು. ಅದು ಹೇಗೆಂಬುದನ್ನು ಈಗ ನೋಡೋಣ.

ದ್ಯುತಿಸಂಶ್ಲೇಷಣೆಯಲ್ಲಿ ಎಲೆಕ್ಟ್ರಾನುಗಳು ಒಂದು ಅಣುವಿನಿಂದ ಇನ್ನೊಂದಕ್ಕೆ ಸಾಲಾಗಿ ಸಾಗುತ್ತವೆ. ಬಿಸಿಲು ಅತಿಯಾದಾಗ ಕೆಲವು ಎಲೆಕ್ಟ್ರಾನುಗಳು ದಾರಿ ತಪ್ಪಿ ಆಮ್ಲಜನಕದ ಅಣುವನ್ನು ಸೇರುತ್ತವೆ. ಹೀಗೆ ಒಂದು ಎಲೆಕ್ಟ್ರಾನನ್ನು ಹೆಚ್ಚಾಗಿ ಪಡೆದ ಆಮ್ಲಜನಕಕ್ಕೆ ಸೂಪರಾಕ್ಸೈಡ್ ಎಂದು ಹೆಸರು. ಕೋಶಕ್ಕೆ ಅತ್ಯವಶ್ಯವಾದ ಹಲವು ಕಿಣ್ವಗಳನ್ನು ಇದು ಕೆಡಿಸುತ್ತದೆ.

ಈ ಕೇಡನ್ನು ನಿವಾರಿಸುವ ಕಿಣ್ವವೇ ಸೂಪರಾಕ್ಸೈಡ್ ಡಿಸ್ಮ್ಯೂಟೇಸ್. ಇದರ ಕಾರ್ಯವನ್ನು 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬ ವಿಜ್ಞಾನಿಗಳು ಪ್ರಕಟಪಡಿಸಿದರು. ಕಿಣ್ವದ ಕೇಂದ್ರದಲ್ಲಿರುವ ಲೋಹದ ಪರಮಾಣುವೇ ಇಲ್ಲಿ ಮುಖ್ಯ. ಅದು ಒಂದು ಸೂಪರಾಕ್ಸೈಡಿನಿಂದ ಎಲೆಕ್ಟ್ರಾನನ್ನು ಪಡೆದು ಮತ್ತೊಂದಕ್ಕೆ ಕೊಡುತ್ತದೆ. ಕೊಟ್ಟದ್ದು ಸಾಮಾನ್ಯ ಆಮ್ಲಜನಕವಾಗುತ್ತದೆ. ಪಡೆದದ್ದು ಹೈಡ್ರೊಜನ್ ಪೆರಾಕ್ಸೈಡ್ ಆಗುತ್ತದೆ. ಲೋಹವು ಮೊದಲಿನ ಸ್ಥಿತಿಗೇ ಮರಳುವುದರಿಂದ ಕಾರ್ಯವು ಮತ್ತೆ ಮತ್ತೆ ನಡೆಯುತ್ತದೆ. ಕಬ್ಬಿಣ, ಮ್ಯಾಂಗನೀಸ್, ತಾಮ್ರ, ನಿಕ್ಕಲ್ ಇವುಗಳಿಗೆ ಈ ಕೊಡು-ಕೊಳ್ಳುವ ಗುಣವುಂಟು. ತಾಮ್ರದೊಡನೆ ಇರುವ ಸತುವಾದರೋ ಕಿಣ್ವದ ರಚನೆಯನ್ನು ಬಿಗಿಯಾಗಿಡುತ್ತದೆ, ಅಷ್ಟೆ.

ಉಳಿದ ಪೆರಾಕ್ಸೈಡನ್ನು ಕಬ್ಬಿಣವುಳ್ಳ ಕೆಟಲೇಸ್ ಮುಂತಾದ ಕಿಣ್ವಗಳು ನೀರಾಗಿ ಮಾರ್ಪಡಿಸುತ್ತವೆ. ಆದರೆ ಅದೇ ಕಬ್ಬಿಣವು ಪ್ರೋಟೀನಿನ ಹಿಡಿತ ತಪ್ಪಿ ಪೆರಾಕ್ಸೈಡನ್ನು ಸಂಧಿಸಿತೆಂದರೆ, ಸೂಪರಾಕ್ಸೈಡಿಗಿಂತಲೂ ಉಗ್ರವಾದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತದೆ! ಆದಕಾರಣ ಲೋಹವನ್ನು ಸಂಪಾದಿಸಿದರೆ ಸಾಲದು. ಅದನ್ನು ಹದ್ದಿನಲ್ಲಿಟ್ಟುಕೊಳ್ಳುವುದೂ ಅವಶ್ಯ.

ಲೋಹದ ಅಭಾವ ಒದಗಿದರೆ ಗತಿಯೇನು? ಕ್ಲಾಮಿಡೊಮೊನಾಸ್ ಎಂಬ ಏಕಕೋಶ ಪಾಚಿಯನ್ನು ಕುರಿತು 2012ರಲ್ಲಿ ಪ್ರಕಟವಾದ ಸಂಶೋಧನೆ ಇದಕ್ಕೆ ಉತ್ತರವೀಯುತ್ತದೆ. ಕಬ್ಬಿಣ ಕಡಿಮೆಯಾದಾಗ ಈ ಪಾಚಿಯು ಇತರ ಪ್ರೋಟೀನುಗಳಲ್ಲಿನ ಕಬ್ಬಿಣವನ್ನು ಬಿಡಿಸಿ ಡಿಸ್ಮ್ಯೂಟೇಸಿಗೆ ಒದಗಿಸುತ್ತದೆ. ಜೊತೆಗೆ ಮ್ಯಾಂಗನೀಸ್ ಉಳ್ಳ ಇನ್ನೊಂದು ಡಿಸ್ಮ್ಯೂಟೇಸನ್ನೂ ನಿರ್ಮಿಸಿಕೊಳ್ಳುತ್ತದೆ. ಆಹಾರೋತ್ಪಾದನೆ ಕುಗ್ಗಿದರೂ ಕಾವಲು ಕುಗ್ಗದು.

ಸಮುದ್ರದಲ್ಲಿ ಅಭಾವವು ಇನ್ನೂ ತೀವ್ರ. ತೀರದಿಂದ ದೂರದ ಮೇಲ್ಪದರದ ಹಲವೆಡೆ, ಒಂದು ಲೀಟರ್ ನೀರಿನಲ್ಲಿ ಕರಗಿರುವ ಕಬ್ಬಿಣವು ಒಂದು ಗ್ರಾಮಿನ ಕೋಟಿಯಲ್ಲೊಂದು ಪಾಲನ್ನೂ ಮುಟ್ಟದು. ಅಲ್ಲಿ ಹೇರಳವಾಗಿ ಬೆಳೆಯುವ ಪ್ರೊಕ್ಲೊರೊಕಾಕಸ್ ಎಂಬ ಸೂಕ್ಷ್ಮಜೀವಿಯು ನೀಲಿ-ಹಸುರು ಪಾಚಿಗಳ ಬಳಗಕ್ಕೆ ಸೇರಿದುದು. ಅದು ಕಬ್ಬಿಣದ ಬದಲು ನಿಕ್ಕಲ್ ಉಳ್ಳ ಡಿಸ್ಮ್ಯೂಟೇಸನ್ನು ಅವಲಂಬಿಸಿದೆ.

ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧದಷ್ಟು ನಡೆಯುವುದು ಸಾಗರಗಳಲ್ಲಿಯೇ. ಅಷ್ಟು ದೊಡ್ಡ ಕಾರ್ಯವು ತಕ್ಕಡಿಗೆ ಸಿಗದಷ್ಟು ಅಲ್ಪವಾದ ಲೋಹಗಳನ್ನು ನಂಬಿದೆಯೆಂಬುದನ್ನು ನಾವು ಮರೆಯಲಾಗದು.