ಕೂಗು ನಿಂತ ಮೇಲಿನ ಬೇಟೆ

ಅಮೆರಿಕದ ರಾಕಿ ಪರ್ವತಸಾಲಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಬೆದೆಗಾಲ ಸೆಪ್ಟೆಂಬರ್‌ನ ಕೊನೆಯ ವಾರಗಳಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಬಿಲ್ಲುಬಾಣದ ಬೇಟೆಗಾರರು ಆ ತಿಂಗಳಿಡೀ ಕಿವಿಯನ್ನು ನಂಬಿ ನಡೆಯುತ್ತಾರೆ. ಗಂಡು ಎಲ್ಕ್ ಕಣಿವೆ ತುಂಬ ಕೂಗುತ್ತದೆ, ಎದುರಾಳಿಯ ಕೂಗಿಗೆ ಮಾರುತ್ತರ ಕೊಡುತ್ತದೆ, ಹೆಣ್ಣಿನ ದನಿ ಕೇಳಿದರೆ ತಾನಾಗಿ ಹುಡುಕಿಕೊಂಡು ಬರುತ್ತದೆ. ಹೆಚ್ಚಿನ ರೈಫಲ್ ಬೇಟೆಗಾರರಿಗೆ ಬೆಟ್ಟ ಸಿಗುವುದು ಆ ಸದ್ದೆಲ್ಲ ಅಡಗಿದ ಮೇಲೆ. ಕೊಲೊರಾಡೊದಲ್ಲಿ ಮೊದಲ ರೈಫಲ್ ಋತು ಅಕ್ಟೋಬರ್ ಮಧ್ಯಕ್ಕೆ ತೆರೆಯುತ್ತದೆ. ಮೊಂಟಾನಾದ ಸಾಮಾನ್ಯ ಋತು ಅಕ್ಟೋಬರ್ ಕೊನೆಗೆ ಶುರುವಾಗಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಭಾನುವಾರದವರೆಗೆ ನಡೆಯುತ್ತದೆ. ಕೈಯಲ್ಲಿ ದೂರ ಮುಟ್ಟುವ ಬಂದೂಕಿದೆ ಎಂಬ ಧೈರ್ಯದಲ್ಲಿ ಬಂದವರಿಗೆ ಕಾಡು ಖಾಲಿಯಾಗಿ ಕಾಣುತ್ತದೆ. ಈ ಬೆಟ್ಟಗಳ ಬೇಟೆಯಿಂದ ನಾನು ಕಲಿತದ್ದನ್ನೆಲ್ಲ ಒಟ್ಟುಮಾಡಿದರೆ ಉಳಿಯುವುದು ಒಂದೇ ಮಾತು: ಬೆದೆ ಇಳಿದ ಮೇಲೆ ಗಂಡು ಎಲ್ಕ್ ಎಲ್ಲಿರುತ್ತದೆ ಎಂಬುದನ್ನು ಅದರ ಹಸಿವು ಮತ್ತು ದಣಿವು ತೀರ್ಮಾನಿಸುತ್ತವೆ. ಅಲ್ಲಿಂದ ಯೋಚನೆ ಶುರುಮಾಡಿದವರಿಗೆ ಮಾತ್ರ ರೈಫಲ್‌ನಿಂದ ಉಪಯೋಗ.

ಮೊದಲು ಆ ಪ್ರಾಣಿಯ ಸ್ಥಿತಿಯನ್ನು ನೋಡೋಣ. ಬಲಿತ ಗಂಡು 300 ಕಿಲೊ ಮೀರಿ ತೂಗುತ್ತದೆ. ಬೆದೆಗಾಲದಲ್ಲಿ ಅದು ಹೆಣ್ಣುಗಳ ಗುಂಪನ್ನು ಹಗಲಿರುಳು ಕಾಯುತ್ತದೆ, ಎದುರಾಳಿಗಳನ್ನು ಅಟ್ಟುತ್ತದೆ, ಕೊಂಬು ಸಿಕ್ಕಿಸಿ ಕಾದುತ್ತದೆ. ಮೇಯುವುದಕ್ಕೆ ಮಾತ್ರ ಬಿಡುವಿರುವುದಿಲ್ಲ. ಹೀಗೆ ಕೆಲವೇ ವಾರಗಳಲ್ಲಿ ಮೈತೂಕದ ಐದನೆಯ ಒಂದು ಭಾಗದಷ್ಟನ್ನು ಕಳೆದುಕೊಳ್ಳುವ ಗಂಡುಗಳೂ ಇವೆ. ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬು ಕರಗಿರುತ್ತದೆ, ಮೈಮೇಲೆ ಕಾಳಗದ ಗಾಯಗಳಿರುತ್ತವೆ. ಸಾಲ ಮಾಡಿ ಮದುವೆ ಮುಗಿಸಿದ ಮನೆಯ ಹಾಗೆ ಅದರ ಮೈ ಬರಿದಾಗಿರುತ್ತದೆ, ಮುಂದೆ ಇಡೀ ಚಳಿಗಾಲದ ಖರ್ಚು ಬಾಕಿ ಇರುತ್ತದೆ. ಹುಲ್ಲು ಹಿಮದಡಿ ಹೂತುಹೋಗುವ ಮೊದಲು ಸಿಕ್ಕಷ್ಟು ಮೇಯಬೇಕು, ಆದಷ್ಟು ಕಡಿಮೆ ಓಡಾಡಬೇಕು. ಇದರಿಂದ ಎರಡು ಸಂಗತಿಗಳು ತಾವಾಗಿ ಹೊರಡುತ್ತವೆ. ಒಂದು, ಅದು ಹೆಣ್ಣುಗಳ ಹಿಂಡನ್ನು ಬಿಟ್ಟು ಒಂಟಿಯಾಗಿಯೋ ಎರಡು ಮೂರು ಗಂಡುಗಳ ಜೊತೆಗೋ ಬೇರೆಯಾಗುತ್ತದೆ. ಎರಡು, ಮೇವು, ನೀರು, ಮರೆ ಮೂರೂ ಹತ್ತಿರ ಹತ್ತಿರ ಇರುವ, ಮನುಷ್ಯರ ಕಾಟವಿಲ್ಲದ ಸಣ್ಣ ಜಾಗವೊಂದನ್ನು ಹಿಡಿದು ಕೂರುತ್ತದೆ. ಮೆಲುಕು ಹಾಕುವ ಪ್ರಾಣಿಯಾದ್ದರಿಂದ ಮೇಯುವುದು, ಮಲಗಿ ಮೆಲುಕಾಡುವುದು, ಮತ್ತೆ ಎದ್ದು ಮೇಯುವುದು ದಿನವಿಡೀ ನಡೆಯುತ್ತಿರುತ್ತದೆ. ಆದರೆ ಇದೆಲ್ಲ ಒಂದು ಪುಟ್ಟ ವಲಯದೊಳಗೇ ಮುಗಿಯುತ್ತದೆ.

ಹೀಗಾಗಿ ಸೆಪ್ಟೆಂಬರ್‌ನಲ್ಲಿ ಕೆಲಸ ಮಾಡಿದ ಸೂತ್ರ ನವೆಂಬರ್‌ನಲ್ಲಿ ದಾರಿ ತಪ್ಪಿಸುತ್ತದೆ. ಬೆದೆಗಾಲದಲ್ಲಿ ಹೆಣ್ಣುಗಳ ಹಿಂಡು ಕಂಡರೆ ಗಂಡೂ ಅಲ್ಲೇ ಇರುತ್ತದೆ. ನಂತರ ಹಾಗಲ್ಲ. ತೆರೆದ ಇಳಿಜಾರಿನಲ್ಲಿ ನಲವತ್ತು ಹೆಣ್ಣುಗಳೂ ಮರಿಗಳೂ ಮೇಯುತ್ತಿದ್ದರೆ, ಅಲ್ಲಿ ಎಳೆಯ ಗಂಡುಗಳು ಇರಬಹುದು. ಬಲಿತದ್ದು ಬೇರೆ ಕಣಿವೆಯಲ್ಲಿರುವ ಸಂಭವವೇ ಹೆಚ್ಚು. ನಾನು ನಕ್ಷೆಯಲ್ಲಿ ಮೊದಲು ಹುಡುಕುವುದು ಉತ್ತರಕ್ಕೆ ಮುಖ ಮಾಡಿದ ದಟ್ಟ ಸ್ಪ್ರೂಸ್ ಮತ್ತು ಫರ್ ಕಾಡನ್ನು, ಆ ಕಡಿದಾದ ಇಳಿಜಾರಿನ ನಡುವೆ ಮಲಗಲು ಒದಗುವ ಸಮತಟ್ಟು ಪಟ್ಟಿಗಳನ್ನು, ಹಳ್ಳಗಳು ಹುಟ್ಟುವ ತಲೆಭಾಗವನ್ನು, ಮತ್ತು ಅವುಗಳ ಮಗ್ಗುಲಲ್ಲೇ ಬಿಸಿಲು ಬೀಳುವ ಸಣ್ಣ ಹುಲ್ಲುಗಾವಲನ್ನು. ಹಿಂದೆಂದೋ ಕಾಳ್ಗಿಚ್ಚಿಗೆ ಬಯಲಾಗಿ ಈಗ ಹುಲ್ಲು ಬೆಳೆದ ಜಾಗ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ರಸ್ತೆಯಿಂದ ದೂರವಿರಬೇಕೆಂಬುದು ಹಳೆಯ ಬುದ್ಧಿವಾದ. ಒರೆಗಾನ್ ರಾಜ್ಯದ ಸ್ಟಾರ್ಕಿ ಪ್ರಾಯೋಗಿಕ ಅರಣ್ಯದಲ್ಲಿ 1989ರಿಂದ ನಡೆದುಬಂದ ಅಧ್ಯಯನಗಳು ವಾಹನ ಓಡಾಡುವ ರಸ್ತೆಗಳನ್ನು ಎಲ್ಕ್‌ಗಳು ತಪ್ಪಿಸಿಕೊಂಡು ಬದುಕುತ್ತವೆ ಎಂಬುದನ್ನು ಗಟ್ಟಿಯಾಗಿ ತೋರಿಸಿವೆ. ಆದರೆ ಬರೀ ಕಿಲೊಮೀಟರ್ ಲೆಕ್ಕ ಸಾಲದು. ಸಮತಟ್ಟಾದ ಕಾಲುದಾರಿಯಲ್ಲಿ ಎಂಟು ಕಿಲೊಮೀಟರ್ ಒಳಗಿರುವ ಜಾಗಕ್ಕೆ ಕುದುರೆಯ ಮೇಲೆ ಹತ್ತಾರು ಜನ ಹೋಗುತ್ತಾರೆ. ಹೆದ್ದಾರಿಯಿಂದ ಒಂದೇ ಕಿಲೊಮೀಟರ್ ಮೇಲಿದ್ದರೂ, ಬಿದ್ದ ಮರಗಳನ್ನು ದಾಟಿ ಉಸಿರುಗಟ್ಟಿ ಏರಬೇಕಾದ ಮಡಿಲಿಗೆ ಯಾರೂ ಹೋಗುವುದಿಲ್ಲ. ಅಳೆಯಬೇಕಾದದ್ದು ಮನುಷ್ಯನ ಹಿಂಜರಿಕೆಯನ್ನು.

ಕೆನಡಾದ ಆಲ್ಬರ್ಟಾದಲ್ಲಿ ಜಿಪಿಎಸ್ ಪಟ್ಟಿ ತೊಡಿಸಿದ ಎಲ್ಕ್‌ಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಾದಕ್ಕೆ ಇನ್ನೊಂದು ಆಧಾರ. ಹೆಚ್ಚು ಓಡಾಡುವ, ತೆರೆದ ಜಾಗಕ್ಕೆ ಬರುವ ಪ್ರಾಣಿಗಳು ಬೇಟೆಗಾರರ ಕೈಗೆ ಸಿಕ್ಕವು. ಬದುಕುಳಿದವು ಕಡಿಮೆ ಚಲಿಸಿದವು, ಕಾಡನ್ನೂ ಒರಟು ನೆಲವನ್ನೂ ಆರಿಸಿಕೊಂಡವು. ಅಂದರೆ ಐದಾರು ಋತು ದಾಟಿದ ಗಂಡು ಎಂಬುದು ಅಡಗುವುದನ್ನೇ ಬಲ್ಲ ಪ್ರಾಣಿ. ಬೇಟೆಗಾರ ಇಡೀ ದಿನ ಬೆಟ್ಟ ಸುತ್ತಿ ಅದನ್ನು ಎದುರುಗೊಳ್ಳುವ ಸಾಧ್ಯತೆ ತೀರ ಕಡಿಮೆ, ಏಕೆಂದರೆ ಸುತ್ತುವವನ ಸದ್ದು ಮತ್ತು ವಾಸನೆ ಅವನಿಗಿಂತ ಮೊದಲೇ ತಲುಪಿರುತ್ತವೆ. ಹಾಗಾಗಿ ಕಾಲಿಗಿಂತ ಕಣ್ಣಿಗೆ ಹೆಚ್ಚು ಕೆಲಸ ಕೊಡಬೇಕು. ಎದುರು ದಿಬ್ಬದಲ್ಲಿ ಕುಳಿತು, ಬೈನಾಕ್ಯುಲರನ್ನು ಮುಕ್ಕಾಲಿಗೆ ಸಿಕ್ಕಿಸಿ, ಕಾಡು ಮುಗಿದು ಹುಲ್ಲು ಶುರುವಾಗುವ ಅಂಚನ್ನು ಗೇಣುಗೇಣಾಗಿ ನೋಡಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಗುಂಡು ಹಾರಿಸಲು ಕಾನೂನಿನ ಅವಕಾಶವಿದೆ. ಆ ಎರಡು ತುದಿಗಳ ಮಸುಕು ಬೆಳಕಿನಲ್ಲೇ ಗಂಡು ಕೆಲವು ನಿಮಿಷ ಮರೆಯಿಂದಾಚೆ ನಿಲ್ಲುತ್ತದೆ. ನಡುಹಗಲನ್ನೂ ಬಿಟ್ಟುಕೊಡಬಾರದು, ಮಲಗಿದ್ದ ಪ್ರಾಣಿ ಎದ್ದು ನಾಲ್ಕು ಬಾಯಿ ಮೇದು ಮತ್ತೆ ಮಲಗುವುದುಂಟು. ಇಡೀ ಎಲ್ಕ್ ಕಾಣಲೆಂದು ಕಾಯುವವರಿಗೆ ಏನೂ ಕಾಣುವುದಿಲ್ಲ. ನೆಟ್ಟನೆಯ ಮರಗಳ ನಡುವೆ ಅಡ್ಡಗೆರೆಯಂತೆ ತೋರುವ ಬೆನ್ನು, ಹಿಂಭಾಗದ ತಿಳಿ ಬಣ್ಣದ ತೇಪೆ, ಕೊಂಬಿನ ಬಿಳಿ ತುದಿ, ಇಷ್ಟೇ ಸಿಗುವುದು. ಆದರೆ ಈ ತಾಳ್ಮೆಗೂ ಒಂದು ಷರತ್ತಿದೆ. ಹಸಿ ಹಿಕ್ಕೆ, ಹೊಸ ಹೆಜ್ಜೆ, ಹಸಿ ಮೂತ್ರದ ಘಾಟು ಯಾವುದೂ ಇಲ್ಲದ ಕಣಿವೆಯಲ್ಲಿ ಕೂತು ಕಾಯುವುದು ವ್ಯರ್ಥ. ಗುರುತಿಲ್ಲದ ಜಾಗವನ್ನು ಬೇಗ ಬಿಡಬೇಕು, ಗುರುತಿರುವ ಜಾಗವನ್ನು ಬೇಗ ಬಿಡಬಾರದು.

ಕಂಡ ಮೇಲೆ ಹತ್ತಿರ ಹೋಗುವುದನ್ನು ತೀರ್ಮಾನಿಸುವುದು ಗಾಳಿ. ಬೆಟ್ಟದಲ್ಲಿ ರಾತ್ರಿಯ ತಂಪುಗಾಳಿ ಕೆಳಕ್ಕೆ ಹರಿಯುತ್ತದೆ, ಬಿಸಿಲು ಇಳಿಜಾರನ್ನು ಕಾಯಿಸಿದ ಮೇಲೆ ಅದೇ ಗಾಳಿ ಮೇಲಕ್ಕೇರುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ಬೆಳಗಿನ ಮೊದಲ ಗಂಟೆಯಲ್ಲಿ ಕೆಳಗಿನಿಂದ ಏರುವುದು ಕ್ಷೇಮ, ಬಿಸಿಲೇರಿದ ಮೇಲೆ ಅದೇ ದಾರಿ ಅಪಾಯ. ಎಲ್ಕ್ ಕಣ್ಣಿಗೆ ಕಂಡದ್ದನ್ನು ಒಮ್ಮೊಮ್ಮೆ ಅನುಮಾನಿಸಿ ನಿಲ್ಲುತ್ತದೆ, ಮೂಗಿಗೆ ಬಂದದ್ದನ್ನು ಎಂದೂ ಅನುಮಾನಿಸುವುದಿಲ್ಲ. ಗಾಳಿ ತಿರುಗುವ ಆ ಹೊತ್ತಿನಲ್ಲಿ ಮುಂದೆ ಹೋಗದೆ ಕುಳಿತುಬಿಡುವುದು ಈ ಬೇಟೆಯ ಅತಿ ಮುಖ್ಯ ಶಿಸ್ತು ಎಂದು ನಾನು ತಿಳಿಯುತ್ತೇನೆ.

ಇದಕ್ಕೆ ಮೊದಲ ಆಕ್ಷೇಪ ಬಂದೂಕಿನ ಕಡೆಯಿಂದ ಬರುತ್ತದೆ. ಇಂದಿನ ರೈಫಲ್, ದೂರಮಾಪಕ, ದುರ್ಬೀನು ಮೂರೂ ಇರುವಾಗ ಹತ್ತಿರ ಹೋಗುವ ಹಟವೇಕೆ ಎಂದು ಕೇಳುವವರಿದ್ದಾರೆ. 1906ರ ಥರ್ಟಿ-ಆಟ್-ಸಿಕ್ಸ್ ಆಗಲಿ 1962ರ ಸೆವೆನ್ ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ಆಗಲಿ ಎಲ್ಕ್‌ಗೆ ಸಾಕಷ್ಟು ಶಕ್ತ, ನಿಜ. ಆದರೆ 500 ಗಜ ದೂರಕ್ಕೆ ಗುಂಡು ಮುಟ್ಟಲು ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ಮೇಯುತ್ತಿರುವ ಪ್ರಾಣಿ ಒಂದು ಹೆಜ್ಜೆ ಇಟ್ಟಿರುತ್ತದೆ. ಗಂಟೆಗೆ 16 ಕಿಲೊಮೀಟರ್ ವೇಗದ ಅಡ್ಡಗಾಳಿ ಸಾಮಾನ್ಯ ಥರ್ಟಿ-ಆಟ್-ಸಿಕ್ಸ್ ಗುಂಡನ್ನು ಆ ದೂರದಲ್ಲಿ ಅರ್ಧ ಮೀಟರ್ ಆಸುಪಾಸು ಪಕ್ಕಕ್ಕೆ ಸರಿಸುತ್ತದೆ. ಕಣಿವೆಯ ಈಚೆ ದಡದಲ್ಲಿ ಬೀಸುವ ಗಾಳಿಯೇ ನಡುವಿನಲ್ಲೂ ಬೀಸುತ್ತಿದೆ ಎಂದು ಹೇಳುವವರು ಯಾರು? ಶ್ವಾಸಕೋಶ ತಪ್ಪಿ ಹೊಟ್ಟೆಗೆ ಪೆಟ್ಟಾದರೆ ಆ ದೊಡ್ಡ ಪ್ರಾಣಿ ಕತ್ತಲೆಯಂಥ ಕಾಡಿಗೆ ಇಳಿದು ಬಹು ದೂರ ಹೋಗಿ ನರಳಿ ಸಾಯುತ್ತದೆ. ಇನ್ನೊಂದು ತೊಡಕೂ ಇದೆ. ಕೊಲೊರಾಡೊದ ಬಹುಪಾಲು ವಲಯಗಳಲ್ಲಿ ಗಂಡಿಗೆ ಒಂದು ಬದಿಯ ಕೊಂಬಿನಲ್ಲಿ ಕನಿಷ್ಠ 4 ಕವಲು, ಅಥವಾ ಹುಬ್ಬಿನ ಮೇಲಿನ ಕವಲು 5 ಇಂಚು ಉದ್ದ ಇರಲೇಬೇಕು. ಅದನ್ನು ಖಚಿತಪಡಿಸಿಕೊಳ್ಳದೆ ಗುಂಡು ಹಾರಿಸುವಂತಿಲ್ಲ. ಬಂದೂಕಿಗೆ ಆಧಾರ ಕೊಟ್ಟು, ಪಕ್ಕೆ ತಿರುಗಿಸಿ ನಿಂತ ಪ್ರಾಣಿಗೆ, ಮುಂಗಾಲಿನ ಹಿಂದೆ, ನೂರಕ್ಕೆ ನೂರು ನಂಬಿಕೆಯಿಂದ ಹೊಡೆಯಬಲ್ಲ ದೂರ ಎಷ್ಟೆಂದು ಪ್ರತಿಯೊಬ್ಬರೂ ಮನೆ ಬಿಡುವ ಮೊದಲೇ ನಿರ್ಧರಿಸಿರಬೇಕು. ಕೊಂಬು ಕಂಡ ಮೇಲೆ ಮಾಡುವ ನಿರ್ಧಾರ ಆಸೆಯ ನಿರ್ಧಾರ.

ಎರಡನೆಯ ಆಕ್ಷೇಪ, ಅಕ್ಟೋಬರ್‌ನಲ್ಲೂ ಕೂಗು ಕೇಳುತ್ತದಲ್ಲ ಎಂಬುದು. ಕೇಳುತ್ತದೆ. ಮೊದಲ ಸಲ ಗರ್ಭ ನಿಲ್ಲದ ಹೆಣ್ಣುಗಳು ಸುಮಾರು ಮೂರು ವಾರಕ್ಕೆ ಮತ್ತೆ ಬೆದೆಗೆ ಬರುತ್ತವೆ, ಆಗ ಕೆಲವು ಗಂಡುಗಳು ಕೂಗುತ್ತವೆ. ಅಂಥ ಕೂಗನ್ನು ನಾನು ವಿಳಾಸವೆಂದು ಸ್ವೀಕರಿಸುತ್ತೇನೆ. ಮರುದನಿ ಕೊಟ್ಟು ಕರೆಯಲು ಹೋಗುವುದಿಲ್ಲ. ತಿಂಗಳಿಡೀ ಕೂಗನ್ನು ಅನುಕರಿಸುವ ಬೇಟೆಗಾರರ ಪೀಪಿಗಳನ್ನು ಕೇಳಿ ದಣಿದ ಬಲಿತ ಗಂಡಿಗೆ ಇನ್ನೊಂದು ಜಗಳದ ಕರೆ ಓಡಿಹೋಗಲು ಕಾರಣವಾಗುತ್ತದೆ. ಮೂರನೆಯ ಆಕ್ಷೇಪ ಹಿಮದ್ದು: ಹಿಮ ಬಿದ್ದರೆ ಎಲ್ಲವೂ ಕೆಳಗಿಳಿಯುತ್ತವೆ, ಅಲ್ಲಿಯವರೆಗೆ ಕಾಯಬಹುದಲ್ಲ? ಮೊದಲು ಇಳಿಯುವುದು ಹೆಣ್ಣುಗಳು ಮತ್ತು ಮರಿಗಳು. ಎತ್ತರದ ಕಾಲು, ದೊಡ್ಡ ಮೈಯಿರುವ ಗಂಡುಗಳು ಹೆಣ್ಣುಗಳಿಗೆ ಕಷ್ಟವೆನಿಸುವ ಹಿಮದಲ್ಲೂ ಮೇಲೆಯೇ ಉಳಿಯುತ್ತವೆ, ಏಕೆಂದರೆ ಅಲ್ಲಿ ಕಾಟ ಕಡಿಮೆ. ಹಿಮದ ನಿಜವಾದ ಉಪಕಾರ ಬೇರೆ: ಯಾವ ಮಡಿಲಲ್ಲಿ ಒಂಟಿ ದೊಡ್ಡ ಹೆಜ್ಜೆ ಇದೆ ಎಂಬುದನ್ನು ಅದು ಒಂದೇ ಬೆಳಗಿನಲ್ಲಿ ತೋರಿಸಿಕೊಡುತ್ತದೆ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ನೀತಿಯದು. ದಣಿದು ಬಡವಾದ ಪ್ರಾಣಿಯನ್ನು ಚಳಿಗಾಲದ ಬಾಗಿಲಲ್ಲಿ ಕೊಲ್ಲುವುದು ಸರಿಯೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಲ್ಲಿ ಬೆಳೆದ ಕನ್ನಡಿಗರಿಗೆ ಈ ಪ್ರಶ್ನೆ ಸಹಜವಾಗಿ ಏಳುತ್ತದೆ, ಏಳಬೇಕು ಕೂಡ. ಎಲ್ಕ್‌ನ ಬಳಗಕ್ಕೇ ಸೇರಿದ ಕಡವೆಯನ್ನು ಕರ್ನಾಟಕದಲ್ಲಿ ಬೇಟೆಯಾಡುವಂತಿಲ್ಲ. ನಮ್ಮ ಕಾಡುಗಳ ಸ್ಥಿತಿಗೆ ಆ ನಿಷೇಧವೇ ತಕ್ಕದ್ದು. ಎಲ್ಕ್‌ನ ಚರಿತ್ರೆ ಬೇರೆ. 20ನೆಯ ಶತಮಾನದ ಆರಂಭದಲ್ಲಿ ಉತ್ತರ ಅಮೆರಿಕದಲ್ಲಿ ಅವು 1 ಲಕ್ಷಕ್ಕೂ ಕೆಳಗಿಳಿದಿದ್ದವು. ಇಂದು ಸುಮಾರು 10 ಲಕ್ಷವಿವೆ, ಕೊಲೊರಾಡೊ ಒಂದರಲ್ಲೇ ಎರಡೂವರೆ ಲಕ್ಷಕ್ಕಿಂತ ಹೆಚ್ಚು. ಈ ಚೇತರಿಕೆಗೆ ಬೇಟೆಯ ಪರವಾನಗಿ ಶುಲ್ಕವೂ, 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ರೈಫಲ್ ಮತ್ತು ಮದ್ದುಗುಂಡುಗಳ ಮೇಲೆ ಬೀಳುವ ಶೇಕಡಾ 11ರ ತೆರಿಗೆಯೂ ಹಣ ಒದಗಿಸಿವೆ. ಬೆದೆ ಮುಗಿದ ಮೇಲಿನ ಋತುವಿಗೆ ಇನ್ನೊಂದು ಸಮರ್ಥನೆಯಿದೆ: ಆ ಹೊತ್ತಿಗೆ ಬಹುಪಾಲು ಹೆಣ್ಣುಗಳಿಗೆ ಗರ್ಭ ನಿಂತಿರುತ್ತದೆ, ಮೇ ಕೊನೆ ಅಥವಾ ಜೂನ್‌ನಲ್ಲಿ ಮರಿಗಳು ಹುಟ್ಟುತ್ತವೆ. ಇಷ್ಟೆಲ್ಲ ಹೇಳಿದ ಮೇಲೂ ಆಕ್ಷೇಪದ ತಿರುಳು ಉಳಿಯುತ್ತದೆ ಎಂದು ನಾನು ಒಪ್ಪುತ್ತೇನೆ. ಅದಕ್ಕೆ ಉತ್ತರ ನಡವಳಿಕೆಯಲ್ಲಿ ಮಾತ್ರ ಇದೆ. ಪ್ರತಿಸಲ ಬೆದರಿ ಓಡಿದಾಗಲೂ ಆ ಪ್ರಾಣಿ ಚಳಿಗಾಲಕ್ಕೆ ಬೇಕಾದ ಶಕ್ತಿಯನ್ನು ಸುಡುತ್ತದೆ. ಆದ್ದರಿಂದ ಗಾಳಿ ಕೈಕೊಟ್ಟು ಅದು ಎದ್ದುಹೋದರೆ ಬೆನ್ನಟ್ಟಬಾರದು, ಆ ಮಡಿಲನ್ನು ಅಂದಿಗೆ ಬಿಟ್ಟು ಹೊರಬರಬೇಕು. ಹೀಗೆ ಬಿಟ್ಟವರಿಗೆ ಮುಂದಿನ ದಿನಗಳಲ್ಲಿ ಅದೇ ಗಂಡು ಅಲ್ಲೇ ಸಿಗುವ ಸಾಧ್ಯತೆಯೂ ಉಳಿಯುತ್ತದೆ. ಇಲ್ಲಿ ದಯೆಗೂ ಜಾಣತನಕ್ಕೂ ವಿರೋಧವಿಲ್ಲ.

ಗುಂಡು ಸರಿಯಾಗಿ ಬಿದ್ದ ಮೇಲೆ ಹೊಣೆ ದೊಡ್ಡದಾಗುತ್ತದೆ. ಬಲಿತ ಗಂಡಿನಿಂದ ಮೂಳೆ ಬಿಡಿಸಿದ ಮಾಂಸವೇ ಸುಮಾರು 90 ಕಿಲೊ ಬರುತ್ತದೆ. ಒಬ್ಬರೇ ಹೊತ್ತರೆ ನಾಲ್ಕೈದು ಸಲ ಏರಿಳಿಯಬೇಕು. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದು ಅಪರಾಧ. ದಪ್ಪ ಚರ್ಮ ಮೈಬಿಸಿಯನ್ನು ಹಿಡಿದಿಡುವುದರಿಂದ ಹೊರಗೆ ಚಳಿಯಿದ್ದರೂ ಹಿಂದೊಡೆಯ ಮೂಳೆಯ ಸುತ್ತ ಮಾಂಸ ಕೆಡುತ್ತದೆ. ತಡಮಾಡದೆ ಚರ್ಮ ಸುಲಿದು, ತೊಡೆಗಳನ್ನು ಬೇರ್ಪಡಿಸಿ, ಬಟ್ಟೆಯ ಚೀಲಗಳಲ್ಲಿ ಹಾಕಿ ನೆರಳಿನಲ್ಲಿ ಗಾಳಿಯಾಡುವಂತೆ ನೇತುಹಾಕಬೇಕು. ಮೊಂಟಾನಾ, ವಯೋಮಿಂಗ್‌ಗಳಲ್ಲಿ ಮಾಂಸದ ವಾಸನೆಗೆ ಗ್ರಿಜ್ಲಿ ಕರಡಿಗಳೂ ಬರುತ್ತವೆ. ಜಿಂಕೆಗಳ ಮಿದುಳನ್ನು ಕೆಡಿಸುವ ಕ್ರಾನಿಕ್ ವೇಸ್ಟಿಂಗ್ ರೋಗ 1967ರಲ್ಲಿ ಕೊಲೊರಾಡೊದಲ್ಲೇ ಮೊದಲು ಗಮನಕ್ಕೆ ಬಂದದ್ದು. ಆ ರೋಗವಿರುವ ಪ್ರದೇಶದಲ್ಲಿ ತಲೆಯ ಮಾದರಿ ಪರೀಕ್ಷೆಗೆ ಕೊಟ್ಟು, ಸೋಂಕಿಲ್ಲವೆಂದು ತಿಳಿದ ಮೇಲೆಯೇ ಉಣ್ಣುವುದು ಕ್ಷೇಮ. ಹಾಗಾಗಿ ನಕ್ಷೆಯಲ್ಲಿ ಗಂಡಿನ ಅಡಗುತಾಣ ಗುರುತಿಸುವಾಗಲೇ ಮಾಂಸ ಹೊರತರುವ ದಾರಿಯನ್ನೂ ಗುರುತಿಸಬೇಕು. ಆ ದಾರಿಯಿಲ್ಲದ ಕಮರಿಯಲ್ಲಿ ಎಷ್ಟೇ ದೊಡ್ಡ ಕೊಂಬು ಕಂಡರೂ ಬಂದೂಕಿನ ಕುದುರೆಯ ಮೇಲಿನ ಬೆರಳು ತೆಗೆಯಬೇಕು.

ಕೊಲೊರಾಡೊದಲ್ಲಿ ಎಲ್ಕ್ ಬೇಟೆಗೆ ಹೋಗುವ ಐವರಲ್ಲಿ ಸುಮಾರು ನಾಲ್ವರು ಬರಿಗೈಯಲ್ಲಿ ಮರಳುತ್ತಾರೆ. ಅದಕ್ಕೆ ಮುಖ್ಯ ಕಾರಣ ಗುರಿಯ ದೋಷ ಎಂದು ನನಗೆ ಅನ್ನಿಸುವುದಿಲ್ಲ. ಹೆಚ್ಚಿನವರಿಗೆ ಗುರಿಯಿಡುವ ಅವಕಾಶವೇ ಸಿಕ್ಕಿರುವುದಿಲ್ಲ. ಹೊಸದಾಗಿ ಈ ಬೇಟೆಗೆ ಇಳಿಯುವವರು ಇನ್ನೂ ಬಲವಾದ ರೈಫಲ್‌ಗೆ ಸುರಿಯುವ ಹಣವನ್ನು ಒಳ್ಳೆಯ ಬೈನಾಕ್ಯುಲರ್‌ಗೆ, ಶ್ರಮವನ್ನು ನಕ್ಷೆಯ ಓದಿಗೆ ಮತ್ತು ಕಾಲಿನ ಕಸುವಿಗೆ ಹಾಕಲಿ. ಯಾವ ಕಣಿವೆಯ ಮುಂದೆ ನಿಂತರೂ ಮೂರು ಪ್ರಶ್ನೆ ಕೇಳಿಕೊಳ್ಳಲಿ: ದಣಿದ ಗಂಡಿಗೆ ಇಲ್ಲಿ ಮೇವಿದೆಯೇ, ಅದನ್ನು ಬೆದರಿಸುವವರು ಇಲ್ಲಿಗೆ ಬರುತ್ತಾರೆಯೇ, ಕೊಂದರೆ ಮಾಂಸವನ್ನು ಕೆಡದಂತೆ ಹೊರತರಬಲ್ಲೆನೇ? ಮೂರಕ್ಕೂ ತಕ್ಕ ಉತ್ತರ ಸಿಕ್ಕ ಕಣಿವೆಯಲ್ಲಿ ಮಾತ್ರ ರೈಫಲ್ ಹೆಗಲಿಂದ ಇಳಿಯಲಿ.