ಮಿಶ್ರಿಕೋಟಿ ಸುತ್ತಿನ ಸೈಕಲ್ ಹಾದಿಗಳು: ಮುಖ್ಯಾಂಶಗಳು

ಊರು, ನೆಲೆ

• ಮಿಶ್ರಿಕೋಟಿ ಧಾರವಾಡ ಜಿಲ್ಲೆ ಕಲಘಟಗಿ ತಾಲ್ಲೂಕಿನ ಊರು. ಹುಬ್ಬಳ್ಳಿಗೂ ಕಲಘಟಗಿಗೂ ನಡುವೆ ಇದೆ.

• ಕೆಳಗೆ ಹೇಳಿರುವ ಹಾದಿಗಳು ಇಲಾಖೆ ಫಲಕ ನೆಟ್ಟು ಗುರುತಿಸಿದವಲ್ಲ, ನಕಾಶೆ ಹಿಡಿದು ಜೋಡಿಸಿಕೊಂಡವು. ಪರೀಕ್ಷೆಗೆ ಓದುವವರಿಗೆ ಇವನ್ನು ಸೂಚಿಸಲು ಒಂದೇ ಕಾರಣ: ಪುಸ್ತಕದಲ್ಲಿ ಮೂರು ಬೇರೆ ಅಧ್ಯಾಯಗಳಲ್ಲಿ ಬರುವ ಕೃಷಿ ವಲಯ, ನದಿ ಕಣಿವೆ, ಮಣ್ಣಿನ ಬಗೆ ಇಲ್ಲಿ ಸೈಕಲ್ ತುಳಿಯುವಷ್ಟು ದೂರದಲ್ಲೇ ಒಂದರಿಂದ ಇನ್ನೊಂದಕ್ಕೆ ತಿರುಗುತ್ತವೆ.

• ಕರ್ನಾಟಕದ ಕೃಷಿ ಹವಾಮಾನ ವಲಯಗಳು 10. ಅವುಗಳಲ್ಲಿ ಮೂರು ಧಾರವಾಡ ಜಿಲ್ಲೆಯೊಂದರಲ್ಲೇ ಇವೆ. ಕಲಘಟಗಿ ಗುಡ್ಡಗಾಡು ವಲಯಕ್ಕೆ (ವಲಯ 9) ಸೇರಿದೆ. ಧಾರವಾಡ, ಹುಬ್ಬಳ್ಳಿ, ಕುಂದಗೋಳ ಉತ್ತರ ಸಂಕ್ರಮಣ ವಲಯದಲ್ಲಿವೆ (ವಲಯ 8). ನವಲಗುಂದ ಉತ್ತರ ಒಣ ವಲಯ (ವಲಯ 3). ಶಿರಸಿ, ಯಲ್ಲಾಪುರ, ಕೊಡಗಿನ ಸಾಲಿಗೆ ಕಲಘಟಗಿಯೂ ಸೇರಿದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. 'ಹೊಂದಿಸಿ ಬರೆಯಿರಿ' ಪ್ರಶ್ನೆಗೆ ಇದು ಹೇಳಿ ಮಾಡಿಸಿದ ಅಂಶ.

• ರಾಷ್ಟ್ರೀಯ ಹೆದ್ದಾರಿ 52 ವಿಜಯಪುರದ ಕಡೆಯಿಂದ ಬಂದು ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲಾ ಸೇರುತ್ತದೆ. ಅಂದರೆ ಮೇಲಿನ ಮೂರೂ ವಲಯಗಳನ್ನು ಒಂದೇ ರಸ್ತೆ ಪೋಣಿಸಿದೆ. ಹಳೆಯ ಹೆದ್ದಾರಿ 63ರ ಅಂಕೋಲಾ–ಹುಬ್ಬಳ್ಳಿ ಭಾಗ ಈಗ 52 ಆಗಿದೆ, ಹುಬ್ಬಳ್ಳಿ–ಗದಗ ಭಾಗ 67 ಆಗಿದೆ. ಹಳೆಯ 4 ಈಗ 48. ಹಳೆಯ ಗೈಡುಗಳಲ್ಲಿ ಹಳೆಯ ಅಂಕಿಗಳೇ ಉಳಿದಿರುತ್ತವೆ, ಎಚ್ಚರ.

ಕೋಟೆಯ ಕಾಲ

ಮಿಶ್ರಿಕೋಟಿಯ ಹೆಸರು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಮರಾಠರ ಮತ್ತು ಈಸ್ಟ್ ಇಂಡಿಯಾ ಕಂಪನಿಯ ದಾಖಲೆಗಳಲ್ಲಿ ಸಿಗುತ್ತದೆ. 1756ರಲ್ಲಿ ಸವಣೂರಿನ ನವಾಬ ಪೇಶ್ವೆ ಬಾಲಾಜಿ ಬಾಜಿರಾವ್‌ಗೆ ಬಿಟ್ಟುಕೊಟ್ಟ ಸೀಮೆಗಳಲ್ಲಿ ಹುಬ್ಬಳ್ಳಿ, ಕುಂದಗೋಳಗಳ ಜೊತೆ ಇದೂ ಇತ್ತು. 1817–18ರ ಮರಾಠಾ ಯುದ್ಧದಲ್ಲಿ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಈ ಭಾಗದ ಕೋಟೆಗಳನ್ನು ಒಂದೊಂದಾಗಿ ಹಿಡಿಯುತ್ತ ಬಂದ. ಕೈಯಲ್ಲಿದ್ದ ಸೈನ್ಯ ಸಣ್ಣದು, ಸ್ಥಳೀಯ ಬಂಟರನ್ನೇ ಕೂಡಿಸಿಕೊಂಡಿದ್ದ. 1818ರ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿಗಳ ಬೆನ್ನಿಗೇ ಮಿಶ್ರಿಕೋಟಿಯೂ ಶರಣಾಯಿತು.

ಮನ್ರೋ ಹುಟ್ಟಿದ್ದು 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ರೈತವಾರಿ ಪದ್ಧತಿಯ ಜೊತೆ ಅವನ ಹೆಸರು ಬರುತ್ತದೆ. 1820ರಿಂದ 1827ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ.

ಇದನ್ನು ಸೈಕಲ್ ಬರಹದಲ್ಲಿ ಯಾಕೆ ತುರುಕಿದಿರಿ ಎಂದು ಕೇಳಬಹುದು. ಅದೇ 1818ರ ಜನವರಿಯಲ್ಲೇ ಜರ್ಮನಿಯ ಬಾಡೆನ್‌ನಲ್ಲಿ ಕಾರ್ಲ್ ಫಾನ್ ಡ್ರೈಸ್ ತನ್ನ ಎರಡು ಗಾಲಿಯ 'ಓಡುವ ಯಂತ್ರ'ಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ಒದ್ದು ಸಾಗಬೇಕಿತ್ತು. ಪೆಡಲ್ ಸೈಕಲ್ಲಿನ ಶ್ರೇಯವನ್ನು ಕೆಲವರು 1839ರ ಸುಮಾರಿನ ಸ್ಕಾಟಿಷ್ ಕಮ್ಮಾರ ಕರ್ಕ್‌ಪ್ಯಾಟ್ರಿಕ್ ಮ್ಯಾಕ್‌ಮಿಲನ್‌ಗೆ ಕೊಡುತ್ತಾರೆ. ಗಾಳಿ ತುಂಬುವ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್‌ಲಪ್ ಕೂಡ ಸ್ಕಾಟ್ಲೆಂಡಿನವನೇ. ಇಸವಿಗಳನ್ನು ಹೀಗೆ ಜೋಡಿಯಾಗಿ ನೆನಪಿಟ್ಟುಕೊಂಡರೆ ಬೇಗ ಮರೆಯುವುದಿಲ್ಲ.

ಪಡುವಣ ಹಾದಿ: ಕಲಘಟಗಿ, ತಂಬೂರು, ದೇವಿಕೊಪ್ಪ

• ಮಲೆನಾಡಿನ ಸೆರಗು ಎಂದು ಕೇಳಿ ಏರು ಬರುತ್ತದೆಂದು ಕಾಯುವವರಿಗೆ ಇಲ್ಲಿ ಆಶ್ಚರ್ಯ ಕಾದಿದೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲಾ ಕಲಘಟಗಿ ಹತ್ತಿರ ಬೇಡ್ತಿಯನ್ನು ಕೂಡುತ್ತದೆ. ನೀರು ಆ ಕಡೆ ಹರಿಯುತ್ತದೆ ಎಂದಮೇಲೆ ನೆಲವೂ ಒಟ್ಟಾರೆ ಆ ಕಡೆಗೇ ಇಳಿದಿದೆ. ಕಾಡಿನತ್ತ ಹೋಗುವಾಗ ಸುಖ, ತಿರುಗಿ ಬರುವಾಗ ತೊಡೆಗೆ ಕೆಲಸ.

• ಬೇಡ್ತಿ ಮುಂದೆ ಯಲ್ಲಾಪುರ ತಾಲ್ಲೂಕಿನಲ್ಲಿ ಮಾಗೋಡು ಜಲಪಾತವಾಗಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ಹೊಳೆಗೆ ಶಾಲ್ಮಲಾ, ಬೇಡ್ತಿ, ಗಂಗಾವಳಿ ಎಂಬ ಮೂರು ಹೆಸರು ಓದಿ ಗೊಂದಲವಾದವರು ಕಲಘಟಗಿಯ ಸೇತುವೆ ಮೇಲೆ ನಿಂತು ಒಮ್ಮೆ ನಕಾಶೆ ಬಿಚ್ಚಿದರೆ ಸಾಕು.

• ಕಲಘಟಗಿಯ ಖ್ಯಾತಿ ತೊಟ್ಟಿಲಿನದು. ಮರದ ತೊಟ್ಟಿಲಿಗೆ ಅರಗಿನ ಬಣ್ಣ, ಅದರ ಮೇಲೆ ಪುರಾಣದ ಚಿತ್ರ. ಕುಸುರಿ ಹೆಚ್ಚು, ಕೆಲಸ ನಿಧಾನ. ಇದೇ ಜಿಲ್ಲೆಯ ಧಾರವಾಡ ಪೇಡೆ ಮತ್ತು ನವಲಗುಂದ ಜಮಖಾನೆ ಭೌಗೋಳಿಕ ಸೂಚ್ಯಂಕ ಪಡೆದಿವೆ. ಇವುಗಳ ಸಾಲಿನಲ್ಲೇ ಕಸೂತಿಯೂ ಇದೆ.

• ತಂಬೂರಿನಲ್ಲಿ ಬಸವಣ್ಣನ ಗುಡಿ, ದೇವಿಕೊಪ್ಪದ ಸುತ್ತ ಕಾಡು. ಹೊಲಗಳಲ್ಲಿ ಭತ್ತ, ಗೋವಿನಜೋಳ, ಸೋಯಾ. ಇಲ್ಲಿ ಭತ್ತವನ್ನು ಕೂರಿಗೆಯಿಂದ ಬಿತ್ತುವುದೂ ಉಂಟು, ಎಲ್ಲವೂ ನಾಟಿಯಲ್ಲ.

• ಹೆದ್ದಾರಿ 52ರಲ್ಲಿ ಕರಾವಳಿಗೆ ಹೋಗುವ ಲಾರಿಗಳ ಸಾಲು ತಪ್ಪುವುದಿಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗುವ ಡಾಂಬರು ರಸ್ತೆ ಸುತ್ತಾದರೂ ಅದೇ ಮೇಲು.

ತೆಂಕಣ ಹಾದಿ: ತಡಸ, ಮುಂಡಗೋಡ, ಅತ್ತಿವೇರಿ

ಒಂದೇ ಸವಾರಿಯಲ್ಲಿ ಮೂರು ಜಿಲ್ಲೆ: ಧಾರವಾಡ, ಹಾವೇರಿ, ಉತ್ತರ ಕನ್ನಡ. ತಡಸ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಊರು. ಹಾವೇರಿ ಮತ್ತು ಗದಗ ಧಾರವಾಡದಿಂದ ಬೇರೆಯಾಗಿದ್ದು 1997ರಲ್ಲಿ. ಮುಂಡಗೋಡದ ಟಿಬೆಟನ್ ನಿರಾಶ್ರಿತರ ನೆಲೆ 1966ರದು. ಡ್ರೆಪುಂಗ್ ಮತ್ತು ಗಾಡೆನ್ ಎಂಬ ಎರಡು ದೊಡ್ಡ ವಿಹಾರಗಳು ಅಲ್ಲಿವೆ. ಅತ್ತಿವೇರಿ ಪಕ್ಷಿಧಾಮ ಮುಂಡಗೋಡ ತಾಲ್ಲೂಕಿನದು, ಒಂದು ಜಲಾಶಯದ ಸುತ್ತ ಬೆಳೆದದ್ದು. ಗುಡವಿ ಪಕ್ಷಿಧಾಮದ (ಸೊರಬ ತಾಲ್ಲೂಕು) ಜೊತೆ ಇದನ್ನು ಅದಲುಬದಲು ಮಾಡಿಕೊಳ್ಳಬೇಡಿ.

ಮೂಡಣ ಹಾದಿ: ವರೂರು, ಕುಂದಗೋಳ, ಕಳಸ, ಶಿಶುವಿನಹಾಳ

ನನಗೆ ಆಯ್ಕೆ ಕೊಟ್ಟರೆ ಇದೇ ಮೊದಲು. ಗುಡ್ಡದ ಕೆಂಪು ನೆಲ ಬಿಟ್ಟು, ಹೆದ್ದಾರಿ 48 ದಾಟಿದ ಮೇಲೆ ಎರೆ ಹೊಲಗಳ ಬೆಳವಲ ತೆರೆದುಕೊಳ್ಳುತ್ತದೆ. ಹತ್ತಿ, ಬಿಳಿಜೋಳ, ಕಡಲೆ, ಕುಂದಗೋಳದ ಕಡೆ ಒಣ ಮೆಣಸಿನಕಾಯಿ. ನೀರಿನ ದಿಕ್ಕೂ ಬದಲಾಗುತ್ತದೆ. ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆ ಹುಟ್ಟುವ ಬೆಣ್ಣಿಹಳ್ಳ ಕುಂದಗೋಳ, ನವಲಗುಂದ ಸೀಮೆಯಲ್ಲಿ ಹರಿದು ಮಲಪ್ರಭೆ ಸೇರುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡುತ್ತದೆ. ಅಲ್ಲಿಗೆ ಕಲಘಟಗಿಯ ಮಳೆ ಅರಬ್ಬಿ ಸಮುದ್ರಕ್ಕೆ, ಕುಂದಗೋಳದ ಮಳೆ ಬಂಗಾಳ ಕೊಲ್ಲಿಗೆ. ಜಲವಿಭಜಕ ಎಂದರೆ ಎತ್ತರದ ಬೆಟ್ಟಸಾಲೇ ಆಗಿರಬೇಕೆಂದು ತಿಳಿದವರು ಇದನ್ನು ಸೈಕಲ್ ಮೇಲೆ ದಾಟಿಯೂ ಗಮನಿಸದೆ ಹೋಗಬಹುದು, ಅಷ್ಟು ಮೆಲ್ಲಗಿನ ಏರು ಅದು.

• ವರೂರು: ನವಗ್ರಹ ಜೈನ ತೀರ್ಥ, 61 ಅಡಿ ಎತ್ತರದ ಪಾರ್ಶ್ವನಾಥ ವಿಗ್ರಹ.

• ಕುಂದಗೋಳ: ಚಾಲುಕ್ಯ ಶೈಲಿಯ ಶಂಭುಲಿಂಗ ದೇವಾಲಯ. 1800ರ ಜುಲೈನಲ್ಲಿ ಬಂಡುಕೋರ ದೋಂಡಿಯಾ ವಾಘನ ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿ ಇಲ್ಲಿನ ಕೋಟೆಗೆ ಲಗ್ಗೆ ಹಾಕಿದ. 1815ರ ವಾಟರ್‌ಲೂ ಕಾಳಗದ ವೆಲಿಂಗ್ಟನ್ ಇವನೇ. ದೋಂಡಿಯಾ ಸತ್ತದ್ದು 1800ರ ಸೆಪ್ಟೆಂಬರ್ 10ರಂದು, ಕೋಣಗಲ್‌ನಲ್ಲಿ. ಸುತ್ತ ಬ್ರಿಟಿಷ್ ಧಾರವಾಡ ಜಿಲ್ಲೆ ಇದ್ದಾಗಲೂ ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನದ್ದಾಗಿತ್ತು.

• ಸವಾಯಿ ಗಂಧರ್ವ (1886–1952): ಕುಂದಗೋಳದವರು, ನಿಜನಾಮ ರಾಮಭಾವು ಕುಂದಗೋಳಕರ. ಗುರು ಅಬ್ದುಲ್ ಕರೀಂ ಖಾನ್, ಕಿರಾಣಾ ಘರಾನಾ. ಶಿಷ್ಯರು ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಫಿರೋಜ್ ದಸ್ತೂರ್. ನಾಡಗೀರ ವಾಡೆಯಲ್ಲಿ ಅವರ ನೆನಪಿನ ಸಂಗೀತೋತ್ಸವ ನಡೆಯುತ್ತದೆ.

• ಕಳಸ (ಕುಂದಗೋಳ ತಾಲ್ಲೂಕು) ಗೋವಿಂದಭಟ್ಟರ ಊರು. ಅವರ ಶಿಷ್ಯ ಶಿಶುನಾಳ ಶರೀಫರದು (1819–1889) ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳ. ಗುರುವಿನ ಊರು ಒಂದು ಜಿಲ್ಲೆ, ಶಿಷ್ಯನ ಊರು ಇನ್ನೊಂದು. ಪ್ರಶ್ನೆ ಕೇಳುವವರಿಗೆ ಇದು ಪ್ರಿಯವಾದ ಜಾಗ.

• ಕುಂದಗೋಳ, ಸಂಶಿ, ಗುಡಗೇರಿಗಳು ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲಿವೆ.

ಬಡಗಣ ಹಾದಿ: ಹುಬ್ಬಳ್ಳಿ ಕಡೆ

ವಾಹನ ಸಂದಣಿ, ಹಾಗಾಗಿ ಬೆಳಗಿನ ಹೊತ್ತಿಗೆ ಮಾತ್ರ. ಉಣಕಲ್‌ನ ಚಂದ್ರಮೌಳೇಶ್ವರ ದೇವಾಲಯ, ಸಿದ್ಧಾರೂಢ ಮಠ, 2023ರ ಮಾರ್ಚ್ 12ರಂದು ಉದ್ಘಾಟನೆಯಾದ 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ (ಜಗತ್ತಿನಲ್ಲೇ ಉದ್ದದ್ದು), ಬೆಂಗೇರಿಯ ಖಾದಿ ರಾಷ್ಟ್ರಧ್ವಜ ಘಟಕ. ಇನ್ನೂ ಮುಂದಕ್ಕೆ ತುಳಿಯುವವರಿಗೆ ನವಲಗುಂದ (1980ರ ಜುಲೈ 21ರ ರೈತ ಬಂಡಾಯ) ಮತ್ತು ಅಣ್ಣಿಗೇರಿ (ಅಮೃತೇಶ್ವರ ದೇವಾಲಯ, ನಾಲ್ಕನೆಯ ಸೋಮೇಶ್ವರನ ಕಾಲದಲ್ಲಿ ಕಲ್ಯಾಣ ಚಾಲುಕ್ಯರ ರಾಜಧಾನಿ).

ಗಾಳಿ, ಮಣ್ಣು, ಮುಳ್ಳು

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮುಂಗಾರಿನಲ್ಲಿ ಪಡುವಣ ಗಾಳಿ ಬೀಸುತ್ತಿರುತ್ತದೆ. ಕುಂದಗೋಳಕ್ಕೆ ಹೋಗುವಾಗ ಅದು ಬೆನ್ನು ತಳ್ಳುತ್ತದೆ, ಬರುವಾಗ ಎದೆಗೆ ಹೊಡೆಯುತ್ತದೆ. ಮಳೆಯಲ್ಲಿ ಎರೆ ಹೊಲದ ದಾರಿಗೆ ಇಳಿಯಲೇಬಾರದು. ಮಣ್ಣು ಮಡ್‌ಗಾರ್ಡ್‌ಗೂ ಟೈರಿಗೂ ನಡುವೆ ಕಟ್ಟಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ, ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಬೇಸಿಗೆಯಲ್ಲಿ ಜಾಲಿಮುಳ್ಳು. ಪಂಕ್ಚರ್ ಅಂಗಡಿ ದೊಡ್ಡ ಊರುಗಳಲ್ಲಷ್ಟೇ ನಂಬಿಕೆಗೆ ಅರ್ಹ, ಆದ್ದರಿಂದ ಒಂದು ಟ್ಯೂಬು ಮತ್ತು ಕೈಪಂಪು ಜೊತೆಗಿರಲಿ. ಊಟಕ್ಕೆ ಖಾನಾವಳಿಯ ರೊಟ್ಟಿ, ನಡುವೆ ಗಿರ್ಮಿಟ್, ಮಿರ್ಚಿ.

ಸೈಕಲ್ ಕುರಿತು ಕೇಳಬಹುದಾದವು

• ವಿಶ್ವ ಸೈಕಲ್ ದಿನ: ಜೂನ್ 3. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2018ರ ಏಪ್ರಿಲ್‌ನಲ್ಲಿ ನಿರ್ಣಯಿಸಿತು.

• ಕರ್ನಾಟಕದಲ್ಲಿ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುವಾದದ್ದು 2006–07ರಲ್ಲಿ. ಹೈಸ್ಕೂಲ್ ಇಲ್ಲದ ಹಳ್ಳಿಗಳ ಹುಡುಗಿಯರು ಓದು ಬಿಡದಿರಲಿ ಎಂಬುದು ಮುಖ್ಯ ಉದ್ದೇಶ.

• ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ 'ಬ್ರೆವೆ'. ಅದರ ಸಮಯಮಿತಿ: 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಇದು ಪಂದ್ಯವಲ್ಲ, ಇದರಲ್ಲಿ ಮೊದಲ ಸ್ಥಾನ ಎಂಬುದಿಲ್ಲ.